ರಿಕ್ಲೈನರ್ ಬರಲಿ, ಗಾಂಧಿ ಕ್ಲಾಸ್ ಉಳಿಯಲಿ

ತಮಿಳುನಾಡಿನ ಗಡಿ ಊರು ಹೊಸೂರಿನ ಕನ್ನಡಿಗರಿಗೆ ಎರಡು ರಾಜ್ಯಗಳ ಸಿನಿಮಾ ಟಿಕೆಟ್ ದರವೂ ಗೊತ್ತು. ಕನ್ನಡ ಚಿತ್ರ ಊರಲ್ಲಿ ಸಿಗದಿದ್ದರೆ ಅತ್ತಿಬೆಲೆ ದಾಟಿ ಬೆಂಗಳೂರಿನ ಕಡೆಗೆ ಬಸ್ ಹತ್ತುತ್ತಾರೆ. ತಮಿಳುನಾಡು ಸರ್ಕಾರ 2017ರಲ್ಲಿ ಮಲ್ಟಿಪ್ಲೆಕ್ಸ್ ಟಿಕೆಟ್‌ಗೆ, ತೆರಿಗೆ ಬಿಟ್ಟು, 150 ರೂಪಾಯಿಯ ಮಿತಿ ಹಾಕಿತು. ಕರ್ನಾಟಕ 2025ರ ಸೆಪ್ಟೆಂಬರ್‌ನಲ್ಲಿ 200 ರೂಪಾಯಿ ಎಂದಿತು; ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಆ ನಿಯಮದಲ್ಲೂ 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ, ವಿಶೇಷ ಸೌಕರ್ಯವಿರುವ ಪರದೆಗಳಿಗೆ ವಿನಾಯಿತಿ ಇತ್ತು.

ವಿಶೇಷ ಸೀಟು ಹೊಸದೇನಲ್ಲ. ಟೆಂಟ್ ಸಿನಿಮಾದಲ್ಲೇ ನೆಲ, ಬೆಂಚು, ಕುರ್ಚಿ ಎಂದು ದರ ಬೇರೆಬೇರೆ ಇತ್ತು. ಹೆಂಗಸರಿಗೆ ಪ್ರತ್ಯೇಕ ಜಾಗವೂ ಇರುತ್ತಿತ್ತು. ಆದರೆ ನೆಲದಲ್ಲಿ ಕೂತವರೂ ಕುರ್ಚಿಯಲ್ಲಿ ಕೂತವರೂ ಅದೇ ದಿನ, ಅದೇ ಆಟವನ್ನೇ ನೋಡುತ್ತಿದ್ದರು.

ಥಿಯೇಟರ್ ಮಾಲೀಕರ ಮಾತನ್ನು ತಳ್ಳಿಹಾಕುವಂತಿಲ್ಲ. ಕಾಲು ಚಾಚಿ ಒರಗುವ ಒಂದು ರಿಕ್ಲೈನರ್ ಹಾಕಿದರೆ ಮಾಮೂಲಿ ಸೀಟಿಗಿಂತ ಹೆಚ್ಚು ಜಾಗ ಹೋಗುತ್ತದೆ, ಟಿಕೆಟ್ ಸಂಖ್ಯೆ ಇಳಿಯುತ್ತದೆ. ಎಸಿ, ಕರೆಂಟು, ಪ್ರೊಜೆಕ್ಟರ್ ಖರ್ಚು ಮಾತ್ರ ಇಳಿಯುವುದಿಲ್ಲ. ದುಡ್ಡಿರುವವರು ಹಿಂದಿನ ಸಾಲಿಗೆ ಹೆಚ್ಚು ಕೊಟ್ಟರೆ ಮುಂದಿನ ಸಾಲನ್ನು ಅಗ್ಗವಾಗಿ ಇಡಬಹುದು. ಎಲ್ಲದಕ್ಕೂ ಒಂದೇ ಮಿತಿ ಹಾಕಿದರೆ ಒಳ್ಳೆಯ ಸೀಟಿಗೆ ಬಂಡವಾಳ ಹಾಕುವವರು ಹಿಂಜರಿಯುತ್ತಾರೆ.

ಇನ್ನೊಂದು ಕಡೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವರಿದ್ದಾರೆ. ತಲೆಗೆ 200 ಎಂದರೂ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 800 ರೂಪಾಯಿ. ತೆರಿಗೆ, ಬಸ್ಸು, ತಿಂಡಿ ಬೇರೆ. ಮಿತಿಯೇ ಇಲ್ಲದಿದ್ದರೆ ದೊಡ್ಡ ನಟರ ಚಿತ್ರದ ಮೊದಲ ವಾರ ಇವರ ಪಾಲಿಗಿಲ್ಲ. ಶಿಳ್ಳೆ ಹಾಕಿ ಚಿತ್ರಕ್ಕೆ ಕಳೆ ತಂದವರು ಮುಂದಿನ ಅಗ್ಗದ ಸಾಲಿನ, ಅಂದರೆ ಗಾಂಧಿ ಕ್ಲಾಸಿನವರು. ಅವರನ್ನು ಹೊರಗಿಟ್ಟರೆ ಕನ್ನಡ ಚಿತ್ರರಂಗಕ್ಕೇ ನಷ್ಟ.

ಈ ವಾದದಲ್ಲಿ ಎರಡೂ ಕಡೆಯವರು ಮರೆಯುವ ಇನ್ನೊಬ್ಬರಿದ್ದಾರೆ. ಮಂಡಿನೋವಿನ ಅಜ್ಜಿಗೆ, ಗಾಲಿಕುರ್ಚಿಯಲ್ಲಿ ಬರುವ ಹುಡುಗನಿಗೆ ವಿಶೇಷ ಜಾಗ ಶೋಕಿಯಲ್ಲ. ಅವರಿಗೆ ಪ್ರವೇಶದ ಅನುಕೂಲ ಇರಬೇಕೆಂಬುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯ.

ನನ್ನ ಮಟ್ಟಿಗೆ, ಕೆಲವು ಸಾಲು ರಿಕ್ಲೈನರ್‌ಗೆ ದರದ ಸ್ವಾತಂತ್ರ್ಯ ಕೊಡುವುದು ತಪ್ಪಲ್ಲ. ಆದರೆ ಉಳಿದ ಸೀಟುಗಳಿಗೆ ಮಿತಿ ಇರಲೇಬೇಕು, ಪ್ರತಿ ಆಟದಲ್ಲೂ ಅಗ್ಗದ ಸಾಲು ಉಳಿಯಬೇಕು, ಗಾಲಿಕುರ್ಚಿಯ ಜಾಗಕ್ಕೆ ಮಾಮೂಲಿ ದರವೇ ಇರಬೇಕು. ಎರಡೂ ಸರ್ಕಾರಗಳು ಲೈಸೆನ್ಸ್ ನವೀಕರಿಸುವಾಗ ಮೊದಲು ಇದನ್ನು ನೋಡಲಿ.