ಫಾರಿನ್ ಓದು, ಭಾಗ 3: ‘ತೋಟ ಇದೆಯಲ್ಲ!’

ಆಫರ್ ಲೆಟರ್ ಸ್ಟೋರಿಗೆ ಹಾಕೋ ಮೊದ್ಲು ಅಪ್ಪನ್ನ ಕರ್ಕೊಂಡು ಒಂದ್ಸಲ ಬ್ಯಾಂಕಿಗೆ ಹೋಗ್ಬನ್ನಿ. ಚನ್ನರಾಯಪಟ್ಟಣದಲ್ಲಿ ತೆಂಗಿನ ತೋಟ, ಅರಕಲಗೂಡಲ್ಲಿ ಹೊಗೆಸೊಪ್ಪಿನ ಹೊಲ ಇದ್ರೆ ಸಾಲ ಸಿಕ್ಕೇ ಸಿಗುತ್ತೆ ಅಂದ್ಕೊಂಡಿರ್ತೀವಿ. ಶಿಕ್ಷಣ ಸಾಲ 7.5 ಲಕ್ಷ ದಾಟಿದ್ರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳ್ತವೆ. ಕೃಷಿ ಜಮೀನನ್ನ ಹೆಚ್ಚಾಗಿ ಒಪ್ಪಲ್ಲ. ಸೈಟೋ ಮನೆಯೋ ಬೇಕು, ಖಾತೆ ಸರಿಯಿರ್ಬೇಕು. ಇದು ಕೊನೇ ತಿಂಗಳಲ್ಲಿ ಗೊತ್ತಾದ್ರೆ ತೋಟ ಸಿಕ್ಕಿದ ಬೆಲೆಗೆ ಹೋಗುತ್ತೆ ಕಣ್ರೋ.

‘ಜರ್ಮನೀಲಿ ಫೀಸೇ ಇಲ್ಲ’ ಅಂತೀರಾ? ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೌದು. ಆದ್ರೆ 2024ರ ಸೆಪ್ಟೆಂಬರಿಂದ ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ ವರ್ಷಕ್ಕೆ 11,904 ಯೂರೋ ಇಡ್ಬೇಕು. ದುಡ್ಡು ನಿಮ್ದೇ, ಅಲ್ಲಿ ತಿಂಗಳಿಗೆ 992ರಂತೆ ಕೈಗೆ ಬರುತ್ತೆ. ಮೊದ್ಲು ಒಟ್ಟಿಗೆ ಹೊಂದಿಸ್ಬೇಕಲ್ಲ!

ಡಿಗ್ರಿ ಎರಡನೇ ವರ್ಷದಲ್ಲೇ ಮನೇಲಿ ಮಾತೆತ್ತಿ. ಹೊಳೆನರಸೀಪುರದ ನಮ್ಮನೇಲಿ ಊಟಕ್ಕೆ ಕೂತಾಗ ಎತ್ತಿದ್ದೆ. ಅಪ್ಪ ಮೂರು ದಿನ ಮಾತಾಡ್ಲಿಲ್ಲ. ನಾಲ್ಕನೇ ದಿನ ಮನೆ ಪತ್ರ ತಂದು ಮುಂದಿಟ್ರು.