ಬೆಂದ್ರ್‌ತೀರ್ಥದ ಒರತೆ ಉಳಿಯಲಿ



ಕಳೆದ ಭಾನುವಾರ ಮನೆಮಂದಿಯೆಲ್ಲ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರುವ ಬೆಂದ್ರ್‌ತೀರ್ಥಕ್ಕೆ ಹೋಗಿದ್ದೆವು. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಹೊಳೆಬದಿಯಲ್ಲಿ, ಗಂಧಕದ ವಾಸನೆಯ ಬೆಚ್ಚನೆ ನೀರು ನೆಲದೊಳಗಿಂದ ತಾನಾಗಿಯೇ ಉಕ್ಕಿ ಬರುತ್ತದೆ. ಮಂಗಳೂರಿನ ಕದ್ರಿ ದೇವಸ್ಥಾನದ ಗೋಮುಖದ ತಣ್ಣೀರನ್ನಷ್ಟೇ ಕಂಡಿದ್ದ ಮಕ್ಕಳಿಗೆ ಅದೊಂದು ಬೆರಗು. ಮಂಡಿನೋವಿನ ಅಮ್ಮ ಕಾಲು ಇಳಿಬಿಟ್ಟು ಕುಳಿತವರು ಏಳಲೇ ಒಪ್ಪಲಿಲ್ಲ.

ಆದರೆ ಕೆಲವರು ಸೋಪು ಹಚ್ಚಿಕೊಂಡೇ ನೀರಿಗಿಳಿಯುತ್ತಿದ್ದರು. ಶಾಂಪೂ ಪೊಟ್ಟಣಗಳು ಮೆಟ್ಟಿಲ ಮೇಲೆಯೇ ಬಿದ್ದಿದ್ದವು. ಒದ್ದೆಬಟ್ಟೆಯ ಹೆಂಗಸರು ಸೀರೆಯನ್ನೇ ಮರೆ ಹಿಡಿದು ಬಟ್ಟೆ ಬದಲಿಸುವುದನ್ನು ನೋಡಿ ಮನಸ್ಸಿಗೆ ಬಹಳ ಬೇಸರವಾಯಿತು. ಬಟ್ಟೆ ಬದಲಿಸಲು ಎರಡು ಶುಚಿಯಾದ ಕೋಣೆ, ಸೋಪು ಬಳಸಬಾರದೆಂಬ ಫಲಕ, ಮಳೆಗಾಲದಲ್ಲಿ ಹೊಳೆಗಿಳಿಯದಂತೆ ಎಚ್ಚರಿಸಲು ಒಬ್ಬ ಕಾವಲುಗಾರ, ಇಷ್ಟಾದರೂ ಬೇಕು. ದೊಡ್ಡ ಕಾಂಕ್ರೀಟು ಕಟ್ಟಡ ಖಂಡಿತ ಬೇಡ.

ಅದಕ್ಕಿಂತ ಮುಖ್ಯವಾದುದು ಒರತೆಯ ಉಳಿವು. ಸುತ್ತಮುತ್ತ ಕೊಳವೆಬಾವಿಗಳು ಹೆಚ್ಚಿದರೆ ಈ ನೀರೇ ಬತ್ತೀತೆಂಬ ಆತಂಕ ನನ್ನದು. ಭೂವಿಜ್ಞಾನಿಗಳಿಂದ ಪರಿಶೀಲನೆ ನಡೆಸಿ, ಒರತೆಯ ಆಸುಪಾಸಿನಲ್ಲಿ ಹೊಸದಾಗಿ ಕೊರೆಯದಂತೆ ನೋಡಿಕೊಳ್ಳಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓರ್ವ ಓದುಗ, ದೇರೆಬೈಲ್, ಮಂಗಳೂರು