ಹರಟೆಮಲ್ಲನೋ, ಸಾತಭಾಯಿಯೋ?

ಒಂದೇ ಹಕ್ಕಿಯನ್ನು ಕನ್ನಡಿಗರು ‘ಕಾಡು ಹರಟೆಮಲ್ಲ’ನೆಂದು ಕರೆದರು, ಮರಾಠಿಗರು ‘ಸಾತಭಾಯಿ’, ಅಂದರೆ ಏಳು ಸೋದರರು, ಎಂದರು. ಒಂದು ಹೆಸರು ಅದರ ಕಂಠವನ್ನು ಪರಿಹಾಸ ಮಾಡುತ್ತದೆ. ಇನ್ನೊಂದು ಅದರ ಒಗ್ಗಟ್ಟನ್ನು ಹೊಗಳುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೆಳೆಯುತ್ತಿರುವ ನಿಮಗೆ ಎರಡು ನುಡಿಗಳೂ ಪರಿಚಿತವೇ. ಇವುಗಳಲ್ಲಿ ಯಾವುದು ಸತ್ಯವೆಂಬುದನ್ನು ಕಣ್ಣಾರೆ ಕಂಡೇ ನಿರ್ಣಯಿಸಬೇಕೆಂಬುದು ನನ್ನ ಅಭಿಪ್ರಾಯ.

ಠಾಣೆಯ ಪಶ್ಚಿಮಕ್ಕೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಯೇವೂರಿನ ಕಾಡು ಇದಕ್ಕೆ ತಕ್ಕ ಸ್ಥಳ. ಮೊದಲು ಗುರುತು ಹಿಡಿಯಿರಿ: ಗೊರವಂಕದಷ್ಟು ಗಾತ್ರ, ಮಣ್ಣುಬಣ್ಣದ ಮೈ, ಹಳದಿ ಕೊಕ್ಕು, ಸದಾ ಕೋಪಗೊಂಡಂತೆ ತೋರುವ ಬಿಳಿಚಿದ ಕಣ್ಣು. ನಮ್ಮ ಈ ಭಾಗದ ಉಪಜಾತಿಯ ಬಾಲ ಕೆಂಗಂದು. ಇದನ್ನು ಸೈಕ್ಸ್ ಎಂಬ ಆಂಗ್ಲ ಸೇನಾಧಿಕಾರಿ 1832ರಲ್ಲಿ ವರ್ಣಿಸಿದನು. ಬಯಲು ಕುರುಚಲಿನಲ್ಲಿ ವಾಸಿಸುವ ಇದರ ದಾಯಾದಿಯಾದ ದೊಡ್ಡ ಬೂದು ಹರಟೆಮಲ್ಲ ಹಾರುವಾಗ ಬಾಲದ ಅಂಚಿನ ಬಿಳಿ ಗರಿಗಳು ಕಾಣುತ್ತವೆ. ಕಾಡು ಹರಟೆಮಲ್ಲನಿಗೆ ಆ ಬಿಳುಪಿಲ್ಲ.

ಆದರೆ ಹೆಸರು ಹೇಳಿದ ಮಾತ್ರಕ್ಕೆ ಹಕ್ಕಿಯನ್ನು ಅರಿತಂತಾಗಲಿಲ್ಲ. ಹತ್ತು ನಿಮಿಷ ಸದ್ದಿಲ್ಲದೆ ನಿಲ್ಲಿರಿ. ಬಳಗವು ತರಗೆಲೆಗಳನ್ನು ಮಗುಚಿ ಹುಳು ಹುಡುಕುತ್ತಿರುವಾಗ ಒಂದು ಹಕ್ಕಿ ಎತ್ತರದ ಕೊಂಬೆಯಲ್ಲಿ ಕಾವಲು ಕಾಯುವುದುಂಟು. ಡೇಗೆ ಕಾಣಿಸಿದರೆ ಅದು ಕೂಗುತ್ತದೆ. ಉಳಿದವು ಪೊದೆ ಸೇರುತ್ತವೆ. ಬಿಡುವಿನಲ್ಲಿ ಒಂದರ ಗರಿಗಳನ್ನು ಇನ್ನೊಂದು ಕೊಕ್ಕಿನಿಂದ ನೇವರಿಸುತ್ತದೆ. ಮರಿಗಳಿಗೆ ತಂದೆತಾಯಿಗಳಷ್ಟೇ ಅಲ್ಲ, ಗುಂಪಿನ ಇತರ ಹಕ್ಕಿಗಳೂ ಗುಟುಕು ತರುತ್ತವೆ. ಚಾತಕವು ಗೂಡಿನಲ್ಲಿ ಮೊಟ್ಟೆಯಿಟ್ಟು ಹೋದರೆ ಆ ಪರರ ಮರಿಯನ್ನೂ ಸಾಕುತ್ತವೆ. ಎಣಿಸಿಯೂ ನೋಡಿರಿ: ಏಳೇ ಇರಬೇಕೆಂಬ ನಿಯಮವಿಲ್ಲ, ಐದಿರಬಹುದು, ಹತ್ತಿರಬಹುದು. ಎಲ್ಲರೂ ಸೋದರರೂ ಅಲ್ಲ, ಸೋದರಿಯರೂ ಇದ್ದಾರೆ.

ಹೀಗೆ ಎರಡು ಹೆಸರುಗಳೂ ಅರ್ಧ ಸತ್ಯಗಳೇ. ನಾವು ಹರಟೆಯೆಂದು ನಕ್ಕ ಆ ಧ್ವನಿಯೇ ಪೊದೆಗಳ ಮರೆಯಲ್ಲಿ ಚದುರಿದ ಬಳಗವನ್ನು ಕೂಡಿಸುವ ಸೂತ್ರ. ಹರಟೆ ನಿಂತರೆ ಸೋದರತ್ವವೂ ನಿಲ್ಲುತ್ತದೆ. ಎರಡು ಹೆಸರುಗಳನ್ನೂ ಬಲ್ಲವನಿಗೆ ಮಾತ್ರ ಹಕ್ಕಿ ಪೂರ್ಣವಾಗಿ ಕಾಣುತ್ತದೆ.

ಈ ಬಳಗಕ್ಕೆ ಅನ್ನವಿಕ್ಕುವುದು ತರಗೆಲೆ. ಅದನ್ನು ಕಸವೆಂದು ಗುಡಿಸಿ ಸುಡುವುದು ನಮ್ಮ ನಗರಗಳ ರೂಢಿ. ಸುಟ್ಟ ನೆಲದಲ್ಲಿ ಹುಳುವಿಲ್ಲ. ಹುಳುವಿಲ್ಲದೆಡೆ ಹರಟೆಮಲ್ಲನಿಗೆ ಕೆಲಸವಿಲ್ಲ. ಶಾಲೆಯ ಅಂಗಳದ, ಮನೆಯ ಹಿತ್ತಿಲಿನ ಒಂದು ಮೂಲೆಯಲ್ಲಾದರೂ ಎಲೆಗಳು ಬಿದ್ದಲ್ಲೇ ಇರಲಿ. ಚಿಕ್ಕ ಟಿಪ್ಪಣಿ ಪುಸ್ತಕವೊಂದನ್ನಿಟ್ಟು ದಿನಾಂಕ, ಸ್ಥಳ, ಸಂಖ್ಯೆ, ಕಂಡ ವರ್ತನೆಗಳನ್ನು ಬರೆಯಿರಿ. ನೋಡಿ ಬರೆದ ಒಂದು ಸಾಲು, ಕೇಳಿ ಕಲಿತ ಹತ್ತು ಪುಟಗಳಿಗಿಂತ ಮೇಲು.